ಎಲ್ಲಿಗ್ಹೊಂಟಿ ಗುರಲಿಂಗಪ್ಪಾ?

ಸತ್ತ ಮಾವನನ್ನು ಮನೆಯಿಂದ ಹೊರಗೆ ಹಾಕಲು ಕಾನೂನಿನಲ್ಲಿ ದಾರಿಯಿದೆ ಎಂಬ ಸಂಗತಿ ಗುರಲಿಂಗಪ್ಪನಿಗೆ ತಿಳಿದದ್ದು ಲಿಫ್ಟಿನಲ್ಲಿ.

ತಿಳಿಸಿದವನು ಸೊಸೈಟಿಯ ಸೆಕ್ರೆಟರಿ ಮನೀಶ್. ಈ ಮನುಷ್ಯನ ಮಾತು ಕೇಳಲು ಬಿಲ್ಡಿಂಗಿನಲ್ಲಿ ಯಾರೂ ನಿಲ್ಲುವುದಿಲ್ಲ. ಅದಕ್ಕೇ ಅವನು ಓಡಿಹೋಗಲು ಜಾಗವಿಲ್ಲದ ಲಿಫ್ಟನ್ನೇ ಕಾದು ಹಿಡಿಯುತ್ತಾನೆ. ಅವನ ಮನೆಯಲ್ಲಿ ಹಳದಿ ಬಣ್ಣದ ಎರಡು ಪರದೇಶಿ ಗಿಳಿಗಳಿದ್ದವು. ಅವನ್ನು ಸಾಕಲು ಸರಕಾರದಲ್ಲಿ ನೋಂದಣಿ ಮಾಡಿಸಿ, ಆ ಕಾಗದಕ್ಕೆ ಚೌಕಟ್ಟು ಹಾಕಿಸಿ, ದೇವರ ಫೋಟೋದ ಪಕ್ಕದಲ್ಲಿ ತೂಗುಹಾಕಿದ್ದ. ಆವತ್ತು ಲಿಫ್ಟಿನಲ್ಲಿ ಅವನು ಹಿಂದಿಯಲ್ಲಿ ಕೊರೆದದ್ದರ ಸಾರಾಂಶ ಇಷ್ಟು: ಪರದೇಶದ ಗಿಳಿಯನ್ನು ನೋಂದಣಿ ಮಾಡಿಸಿ ಸಾಕಬಹುದು. ಆದರೆ ನಮ್ಮ ದೇಶದ ಹಸಿರು ಗಿಳಿಯನ್ನು ಪಂಜರದಲ್ಲಿ ಇಟ್ಟುಕೊಳ್ಳುವುದು ಅಪರಾಧ. ಮೂರು ವರ್ಷದವರೆಗೆ ಜೈಲಾಗಬಹುದು. ಗೊತ್ತಾದರೆ ಅರಣ್ಯ ಇಲಾಖೆಯವರು ಬಂದು ಗಿಳಿಯನ್ನು ಒಯ್ಯುತ್ತಾರೆ.

"ಒಯ್ತಾರ?" ಗುರಲಿಂಗಪ್ಪ ಕೇಳಿದ. "ಖರೇನ ಒಯ್ತಾರ?"

ಮನೀಶ್ ಅವನ ಮುಖ ನೋಡಿ, ಪಾಪ, ಹೆದರಿದ್ದಾನೆ ಎಂದುಕೊಂಡ. ಹೆದರಿಕೆಯೂ ಇಲ್ಲ, ಮಣ್ಣೂ ಇಲ್ಲ. ಲಿಫ್ಟಿನಲ್ಲಿ ಕುಣಿಯಲು ಜಾಗವಿರಲಿಲ್ಲ, ಅಷ್ಟೆ.

ಈ ಖುಷಿ ಅರ್ಥವಾಗಬೇಕಾದರೆ ಅವನ ಮಾವ ಶರಣಬಸಪ್ಪನವರ ಬಗ್ಗೆ ಎರಡು ಮಾತು ಹೇಳಬೇಕು. ವಿಜಯಪುರ ಜಿಲ್ಲೆಯಲ್ಲಿ ಜೀವಮಾನವಿಡೀ ಬಸ್ ಕಂಡಕ್ಟರಾಗಿ, ಸೀಟಿ ಊದಿ ಊದಿ ಗಂಟಲನ್ನು ಕಹಳೆ ಮಾಡಿಕೊಂಡಿದ್ದ ಮನುಷ್ಯ. ಕಣ್ಣಿನ ಆಪರೇಶನ್ನಿಗೆಂದು ಮುಂಬಯಿಯ ಬೊರಿವಲಿಗೆ ಮಗಳ ಮನೆಗೆ ಬಂದರು. ಕೈಯಲ್ಲಿ ಒಂದು ಟ್ರಂಕು, ಒಂದು ಪಂಜರ. ಪಂಜರದಲ್ಲಿ ಬಸವಂತ ಎಂಬ ಹಸಿರು ಗಿಳಿ. ಕಣ್ಣು ಬಂತು, ಮಾವ ಹೋಗಲಿಲ್ಲ. ಅಳಿಯ ಸಂಜೆ ಕೆಲಸದಿಂದ ಬಂದು, ಮುಖ ತೊಳೆದು, ಕೆಳಗಿನ ಮನೆಯ ಮುಶರಫನ ಜೊತೆ ನಾಲ್ಕು ಆಟ ಇಸ್ಪೀಟು ಆಡೋಣವೆಂದು ಬಾಗಿಲಿಗೆ ಕೈ ಹಾಕಿದನೋ ಇಲ್ಲವೋ, ಬಾಲ್ಕನಿಯಿಂದ ಗುಡುಗು ಬರುತ್ತಿತ್ತು: "ಏ ಗುರಲಿಂಗಪ್ಪಾ! ಎಲ್ಲಿಗ್ಹೊಂಟಿ?"

"ಎಲ್ಲೂ ಇಲ್ರಿ ಮಾವಾರ, ಇಲ್ಲೇ ಅದೀನ್ರಿ" ಎಂದು ಅವನು ಚಪ್ಪಲಿ ಬಿಟ್ಟು ಒಳಗೆ ಬರುತ್ತಿದ್ದ.

ಮಾವ ತೀರಿಕೊಂಡರು. ಅಳಿಯ ಮನಸಾರೆ ಅತ್ತ. ಸುಳ್ಳು ಹೇಳಬಾರದು, ಅಳು ನಿಜವಾದದ್ದೇ. ಆದರೆ ಕಾರ್ಯವೆಲ್ಲ ಮುಗಿದು, ನೆಂಟರು ಊರಿಗೆ ಹೋದ ಮೇಲೆ, ಒಂದು ಸಂಜೆ ಮೆಲ್ಲಗೆ ಬಾಗಿಲು ತೆರೆದರೆ ಬಾಲ್ಕನಿಯಿಂದ ಅದೇ ಗುಡುಗು: "ಏ ಗುರಲಿಂಗಪ್ಪಾ! ಎಲ್ಲಿಗ್ಹೊಂಟಿ?" ಮೈಯ ರೋಮವೆಲ್ಲ ಎದ್ದು ನಿಂತು, "ಎಲ್ಲೂ ಇಲ್ರಿ ಮಾವಾರ" ಎಂದು ಬಾಯಿಗೆ ತಾನಾಗಿ ಬಂದುಬಿಟ್ಟಿತು. ತಿರುಗಿ ನೋಡಿದರೆ ಬಸವಂತ ಕತ್ತು ಓರೆ ಮಾಡಿ ಕೂತಿದ್ದ. ಧ್ವನಿಯನ್ನು ಗಿಳಿಗೆ ಆಸ್ತಿ ಬರೆದುಕೊಟ್ಟು ಮಾವ ಹೋಗಿದ್ದರು. ಇಂಥ ಗಿಳಿಗಳು ಇಪ್ಪತ್ತು ಮೂವತ್ತು ವರ್ಷ ಬದುಕುತ್ತವೆ ಎಂದು ಯಾರೋ ಹೇಳಿದ ದಿನ ಅವನಿಗೆ ಊಟ ಸೇರಲಿಲ್ಲ.

ಇನ್ನೊಂದು ಮಾತು. ಆ ಮನೆಯಲ್ಲಿ ಅವನನ್ನು ಹೆಸರು ಹಿಡಿದು ಕೂಗುತ್ತಿದ್ದದ್ದು ಆ ಗಿಳಿಯೊಂದೇ. ಹೆಂಡತಿ ಕಸ್ತೂರಿಬಾಯಿ ಮದುವೆಯ ದಿನ ನಾಲ್ಕು ಜನ ಕಾಡಿದ್ದಕ್ಕೆ ಒಡಪಿನ ಪದ್ಯ ಕಟ್ಟಿ ಒಂದು ಸಲ ಗಂಡನ ಹೆಸರು ಹೇಳಿದ್ದು ಬಿಟ್ಟರೆ ಮತ್ತೆ ಹೇಳಿದವಳಲ್ಲ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅವ್ವ ಹೇಳಿಕೊಟ್ಟಿದ್ದಳು. ರೇಷನ್ ಅಂಗಡಿಯಲ್ಲಿ ಹೆಸರು ಕೇಳಿದರೂ ಸೆರಗು ಬಾಯಿಗಿಟ್ಟುಕೊಂಡು ಪಕ್ಕದವರ ಮುಖ ನೋಡುವ ಹೆಣ್ಣುಮಗಳು. ಗಿಳಿಯೆಂದರೆ ಅವಳಿಗೆ ಅಪ್ಪನೇ. ಬೆಳಿಗ್ಗೆ ಅದು "ಕಸ್ತೂರೀ, ಉಂಡ್ಯಾ ಅವ್ವಾ?" ಎಂದು ಮೆತ್ತಗೆ ಕೇಳಿದರೆ ಇವಳು ಕಣ್ಣೊರೆಸಿಕೊಂಡು, "ಉಂಡೆ ಅಪ್ಪಾ" ಎಂದು ಉತ್ತರ ಕೊಟ್ಟು ಹಸಿಮೆಣಸಿನಕಾಯಿ ತಿನ್ನಿಸುತ್ತಿದ್ದಳು. ಹೀಗಿರುವಾಗ ಗಿಳಿ ಬೇಡ ಎಂದು ಯಾವ ಬಾಯಿಂದ ಹೇಳುವುದು? ತಾನು ಹೇಳಬಾರದು. ಸರಕಾರ ಹೇಳಬೇಕು.

ಮರುದಿನವೇ ಅವನು ಇಲಾಖೆಗೆ ಫೋನು ಹಚ್ಚಿದ. ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಬಾಲ್ಕನಿಯ ಒಂದು ಮೂಲೆಯಲ್ಲಿ ಮಾತ್ರ. ಕಸ್ತೂರಿಬಾಯಿ ಹಾಲಿಗೆಂದು ಕೆಳಗಿಳಿದ ಹೊತ್ತು ನೋಡಿ ಅಲ್ಲಿ ನಿಂತು, ಗಂಟಲು ಸರಿಮಾಡಿಕೊಂಡು, ನನ್ನ ಹೆಸರು ಕೇಳಬೇಡಿ ಎಂದು ತನ್ನ ಹಿಂದಿಯಲ್ಲಿ ಶುರುಮಾಡುತ್ತಿದ್ದ: "ಹಲೋ ಸಾಬ್, ಮೇರಾ ನಾಮ್ ಮತ್ ಪೂಛೋರಿ..." ಮುಂಬಯಿಗೆ ಬಂದು ಅರ್ಧ ಆಯುಷ್ಯ ಕಳೆದರೂ ಅವನ ಹಿಂದಿಯಿಂದ ಈ 'ರಿ' ಕಳಚಿರಲಿಲ್ಲ. ಕಾಂದಿವಲಿಯಲ್ಲಿ ಅಲ್ಯುಮಿನಿಯಂ ಕಿಟಕಿ ಕೂಡಿಸುವ ಅವನ ವರ್ಕ್‌ಶಾಪಿನಲ್ಲಿ 'ಹೈ' ಅನ್ನುವಲ್ಲೆಲ್ಲ 'ಹೈರಿ' ಅನ್ನುವ ಅವನನ್ನು ಎಲ್ಲರೂ 'ಹೈರಿ ಭಾಯ್' ಎಂದೇ ಕರೆಯುತ್ತಿದ್ದರು. ಫೋನು ಒಮ್ಮೆ ಸಂಗೀತ ಕೇಳಿಸಿ ಕಟ್ಟಾಗುತ್ತಿತ್ತು, ಒಮ್ಮೆ ಇನ್ನೊಬ್ಬರಿಗೆ ಕೊಡುತ್ತೇನೆಂದು ಕಟ್ಟಾಗುತ್ತಿತ್ತು. ವಾರವಿಡೀ ದಿನಾ ಬೆಳಿಗ್ಗೆ ಅದನ್ನೇ ಹೇಳಿದ್ದೇ ಹೇಳಿದ್ದು. ಕೊನೆಗೆ ಯಾರೋ ಪುಣ್ಯಾತ್ಮರು ಪೂರ್ತಿ ಕೇಳಿಸಿಕೊಂಡು, ಶನಿವಾರ ಬರುತ್ತೇವೆ ಎಂದರು.

ಶನಿವಾರ ಬೆಳಿಗ್ಗೆ ಅವನು ಸ್ನಾನ ಮಾಡಿ, ವಿಭೂತಿ ಹಚ್ಚಿ, ರಜೆ ಹಾಕಿ ಕೂತ. ಆದರೆ ಇಲಾಖೆಯವರಿಗಿಂತ ಮೊದಲು ಬಂದದ್ದು ಮನೀಶ್‌ನ ಮೆಸೇಜು. ಬಿಲ್ಡಿಂಗ್ ಎಲ್ಲಿದೆ ಎಂದು ಇಲಾಖೆಯವರು ಸೆಕ್ರೆಟರಿಗೆ ಫೋನು ಮಾಡಿ ಕೇಳಿದ್ದರಂತೆ. ಅವನು ಸುಮ್ಮನಿರಬೇಕಲ್ಲ! 'ಇವತ್ತು ಅರಣ್ಯ ಇಲಾಖೆಯವರು ಹಕ್ಕಿಗಳ ತಪಾಸಣೆಗೆ ಬರುತ್ತಾರೆ. ಎಲ್ಲರೂ ಸಹಕರಿಸಿ' ಎಂದು ಸೊಸೈಟಿಯ ವಾಟ್ಸಾಪ್ ಗುಂಪಿಗೇ ಹಾಕಿಬಿಟ್ಟಿದ್ದ.

ಕಸ್ತೂರಿಬಾಯಿಯ ಕೈಯ ರೊಟ್ಟಿ ಹಂಚಿನ ಮೇಲೇ ಕರಕಾಯಿತು. "ಏನ್ರಿ! ನಮ್ಮಪ್ಪನ್ನ ಒಯ್ತಾರಂತ್ರೀ!" ಎಂದು ಹಾಕಿದ ಕೂಗಿಗೆ ಬಾಗಿಲುಗಳೆಲ್ಲ ತೆರೆದವು.

ಮೊದಲು ಬಂದದ್ದು ಎದುರುಮನೆಯ ವಿನೋದಿನಿ. ಸೋಲಾಪುರದವಳು, ಮನೆಯಲ್ಲೇ ಬ್ಯೂಟಿಪಾರ್ಲರ್ ಇಟ್ಟವಳು. ಗಿರಾಕಿಯ ಒಂದು ಹುಬ್ಬು ಮುಗಿಸಿ, ಇನ್ನೊಂದನ್ನು ಹಾಗೇ ಬಿಟ್ಟು, ದಾರ ಬಾಯಲ್ಲಿ ಕಚ್ಚಿಕೊಂಡೇ ಬಂದಿದ್ದಳು. ಹಿಂದೆಯೇ ಕೆಳಗಿನ ಮನೆಯ ಇಮಾಮಬಿ ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದಳು. ಅವಳ ಹಿಂದೆ ಅವಳ ಮಗ, ಎ.ಸಿ. ರಿಪೇರಿ ಮಾಡುವ ಮುಶರಫ.

ಗುರಲಿಂಗಪ್ಪ ಗಂಭೀರವಾಗಿ ಎದ್ದು ನಿಂತು, ರಾತ್ರಿಯೆಲ್ಲ ಬಾಯಿಪಾಠ ಮಾಡಿದ್ದ ಮಾತನ್ನು ಒಪ್ಪಿಸಿದ. "ನೋಡ್ರಿ, ಕಾನೂನು ಅಂದ್ರ ಕಾನೂನು. ನಮಗೂ ದುಃಖ ಆಗ್ತದ. ಆದ್ರ ಸರಕಾರದ ಮುಂದ ನಮ್ಮದೇನು ನಡೀತದ? ಕೈ ಮುಗದು ಕೊಟ್ಟುಬಿಡೋಣು."

"ಬಾಯಾಗ ಮಣ್ ಹಾಕ್ಲಿ ನಿನಗ!" ಇಮಾಮಬಿ ಹಾರಿಬಿದ್ದಳು. "ಮಾವನ್ನ ಪೊಲೀಸರ ಕೈಯಾಗ ಕೊಡ್ತೀಯೇನೋ? ಶರಣಬಸಪ್ಪಣ್ಣ ಸಾಯೋತನ ನನಗ ತಂಗಿ ಅಂತಿದ್ದಾ. ಕಸ್ತೂರಿ, ನೀ ಅಳಬ್ಯಾಡ ಬೇಟಿ. ನಾವು ಇರೂತನ ಯಾವ ಮಗಾ ಮುಟ್ತಾನ ನೋಡ್ತೀನಿ."

"ಗುರು ಅಣ್ಣನ್ನ ಬೈಬ್ಯಾಡಮ್ಮಾ" ಎಂದ ಮುಶರಫ. "ಜೇಲಿಗೆ ಹೆದರ್ಯಾನ. ಅಣ್ಣಾ, ಒಂದು ಕೆಲಸ ಮಾಡು. ಗಿಣಿ ಬುಟ್ಟಿಯಾಗ ಹಾಕ್ಕೊಂಡು ಸೀದಾ ನಿನ್ನ ವರ್ಕ್‌ಶಾಪಿಗೆ ಹೋಗು. ಸಾಹೇಬ್ರು ಬಂದು ಹ್ವಾದ ಮ್ಯಾಲ ಫೋನ್ ಮಾಡ್ತೀನಿ."

"ನಾ ಯಾಕ? ನೀನ ಒಯ್ಯಬಾರದೇನು?"

"ಬ್ಯಾರೆಯವರ ಕೈಯಾಗ ನಾ ಕೊಡಂಗಿಲ್ಲ" ಎಂದಳು ಕಸ್ತೂರಿಬಾಯಿ, ಗಂಡನ ಮುಖವನ್ನೇ ನೋಡುತ್ತ. "ನಿಮ್ಮ ಮ್ಯಾಲ ಒಬ್ಬರ ಮ್ಯಾಲ ನನಗ ನಂಬಿಕಿ ಅದ್ರಿ."

ಈ ಮಾತಿಗೆ ಅವನು ಅವಳ ಮುಖ ನೋಡದೆ ಗಿಳಿಯನ್ನು ಬುಟ್ಟಿಗೆ ಹಾಕಿ ಬಟ್ಟೆ ಮುಚ್ಚಿದ. ಬುಟ್ಟಿ ಹಿಡಿದುಕೊಂಡು ಹೊರಟ.

ಸ್ಟೇಶನ್ನಿನವರೆಗೆ ಬಸವಂತ ಬಟ್ಟೆಯ ಕೆಳಗೆ ಸುಮ್ಮನಿದ್ದ. ಪ್ಲಾಟ್‌ಫಾರ್ಮಿನ ಗದ್ದಲ ಕಿವಿಗೆ ಬಿದ್ದದ್ದೇ ತಡ, ಶರಣಬಸಪ್ಪನವರ ಹಳೆಯ ನೌಕರಿ ಎಚ್ಚರವಾಯಿತು. ಬುಟ್ಟಿಯೊಳಗಿಂದ ಪೀ... ಎಂದು ಸೀಟಿ. ಆಮೇಲೆ, "ಒಳಗ ಸರೀರಿ! ಒಳಗ ಸರೀರಿ! ಬಾಗಿಲದಾಗ ನಿಂದರಬ್ಯಾಡ್ರಿ!"

ಆಗತಾನೆ ಬಂದು ನಿಂತ ಲೋಕಲ್ಲಿನ ಬಾಗಿಲಲ್ಲಿ ಜೋತುಬಿದ್ದಿದ್ದ ಕಲಬುರಗಿ ಕಡೆಯ ಗಾರೆ ಕೆಲಸದವರು ನಾಲ್ಕು ಜನ ಮರುಮಾತಿಲ್ಲದೆ ಒಳಗೆ ಸರಿದರು. ಸರಿದ ಮೇಲೆ ಅವರಿಗೇ ಅನುಮಾನ ಬಂತು. "ಯಾವನಲೇ ಅವಾ, ಬೊರಿವಲ್ಯಾಗ ನಮ್ಮೂರ ಕಂಡಕ್ಟರು?" ಎಂದು ಕತ್ತು ಹೊರಗೆ ಹಾಕುವಷ್ಟರಲ್ಲಿ, "ರೈಟ್!" ಎಂದಿತು ಬುಟ್ಟಿ. ಗಾಡಿ ಹೊರಟೇಬಿಟ್ಟಿತು. ಗುರಲಿಂಗಪ್ಪ ಹತ್ತಬೇಕಾಗಿದ್ದ ಗಾಡಿಯೂ ಅದೇ.

ಪ್ಲಾಟ್‌ಫಾರ್ಮಿನ ತುದಿಗೆ ಬಂದು ಬೆಂಚಿನ ಮೇಲೆ ಕೂತಾಗ ಅವನ ತಲೆಗೆ ಹೊಳೆಯಿತು. ಅಯ್ಯೋ, ಇದಕ್ಕೆ ಸಾಹೇಬರು ಯಾಕೆ ಬೇಕು? ಬಟ್ಟೆ ತೆಗೆದರೆ ಗಿಳಿ ಹಾರಿಹೋಗುತ್ತದೆ. 'ಕೈ ಜಾರಿತು' ಎಂದು ಒಂದಿಷ್ಟು ಅತ್ತರೆ ಆಯಿತು. ಕಾನೂನೂ ಉಳಿಯಿತು, ಹೆಂಡತಿಯ ನಂಬಿಕೆಯೂ ಉಳಿಯಿತು, ಇಸ್ಪೀಟೂ ಉಳಿಯಿತು. ಅತ್ತಿತ್ತ ನೋಡಿ ಬಟ್ಟೆ ಸರಿಸಿದ. "ಹೋಗ್ರಿ ಮಾವಾರ" ಎಂದ, ಗೌರವದಿಂದಲೇ.

ಬಸವಂತ ಹೊರಗೆ ಬಂದ. ಆಕಾಶ ನೋಡಿದ. ಅದು ಅವನಿಗೆ ಅಷ್ಟೊಂದು ಹಿಡಿಸಿದಂತೆ ಕಾಣಲಿಲ್ಲ. ಗುರಲಿಂಗಪ್ಪನ ತೋಳು ಹಿಡಿದು, ಹೆಗಲು ಹತ್ತಿ, ಕಿವಿಯನ್ನು ಕೊಕ್ಕಿನಿಂದ ಮೆಟ್ಟಿಲು ಮಾಡಿಕೊಂಡು, ತಲೆಯ ಮೇಲೆ ಹೋಗಿ ಕೂತ. ಕೂತು, ಇಡೀ ಬೊರಿವಲಿ ಸ್ಟೇಶನ್ನಿಗೆ ಕೇಳುವಂತೆ ಕೂಗಿದ: "ಏ ಗುರಲಿಂಗಪ್ಪಾ! ಎಲ್ಲಿಗ್ಹೊಂಟಿ?"

"ಶ್ಶ್! ಹಾರ್ರಿ, ಹಾರ್ರಿ!" ತಲೆ ಕೊಡವಿದ. ಗಿಳಿ ಕೂದಲನ್ನು ಬಿಗಿಯಾಗಿ ಹಿಡಿದುಕೊಂಡಿತು. ಜನ ಕೂಡಿದರು. ಒಬ್ಬ ಮೊಬೈಲಿನಲ್ಲಿ ಫೋಟೋ ಹಿಡಿದ. ಇನ್ನೊಬ್ಬ, "ತೋತಾ ಪಾಲನಾ ಗುನಾಹ್ ಹೈ, ಮಾಲೂಮ್ ಹೈ ಕ್ಯಾ?" ಎಂದು, ಗಿಳಿ ಸಾಕುವುದು ಅಪರಾಧವೆಂದು ಗೊತ್ತಿಲ್ಲವೇ ಅನ್ನುವಂತೆ, ದೊಡ್ಡ ದನಿಯಲ್ಲಿ ಕೇಳಿದ. ಕೇಳಿದವನ ಹಿಂದಿನಿಂದ ರೈಲ್ವೆ ಪೊಲೀಸನ ಟೋಪಿ ಕಾಣಿಸಿತು. ಬೇರೆಯವರ ಕೈಯಿಂದ ಗಿಳಿಯನ್ನು ಹಿಡಿಸುವುದು ಬೇರೆ, ತಾನೇ ಗಿಳಿಯ ಕೆಳಗೆ ಸಿಕ್ಕಿಬೀಳುವುದು ಬೇರೆ. ಗುರಲಿಂಗಪ್ಪ ತಲೆಯ ಮೇಲೆ ಬಟ್ಟೆ ಮುಚ್ಚಿಕೊಂಡು ಮೆಟ್ಟಿಲಿಳಿದು ಓಡಿ, ರಿಕ್ಷಾ ಹಿಡಿದು ಮನೆಗೆ ಬಂದುಬಿದ್ದ.

ಮನೆಯಲ್ಲಿ ಸಭೆ ಇನ್ನೂ ನಡೆದಿತ್ತು. ಮನೀಶ್ ಕೂಡ ಬಂದು ಸೇರಿಕೊಂಡಿದ್ದ. ತಾನು ಮೆಸೇಜು ಹಾಕಿದ್ದರಿಂದಲೇ ಇಷ್ಟೆಲ್ಲ ಆಯಿತೆಂದು ಇಮಾಮಬಿಯಿಂದ ಬೈಸಿಕೊಂಡು, ಪ್ರಾಯಶ್ಚಿತ್ತಕ್ಕೆ ತಯಾರಾಗಿ ಕೂತಿದ್ದ.

"ಆತಲ್ಲ, ಗಿಣಿ ವಾಪಸ್ ಬಂದದ್ದ ಛಲೋ ಆತು" ಎಂದಳು ವಿನೋದಿನಿ. "ಪರದೇಶದ ಗಿಣಿ ಇಟ್ಕೊಂಡ್ರ ಗುನ್ಹಾ ಇಲ್ಲ ಅಲ್ಲಾ? ಹಂಗಾದ್ರ ಇದನ್ನ ಪರದೇಶದ್ದು ಮಾಡಿಬಿಡೋಣು. ಕಪ್ಪು ಹುಡುಗ್ಯಾರ್ನ ಒಂದು ತಾಸಿನ್ಯಾಗ ಬೆಳ್ಳಗ ಮಾಡಿ ಮದಿವಿಗೆ ಕಳಸ್ತೀನಿ ನಾ. ಇದ್ಯಾವ ಲೆಕ್ಕ ಬಾಯೀ?"

ಗುರಲಿಂಗಪ್ಪ ಬಾಯಿಬಿಟ್ಟ. "ಅದು... ಅದಕ್ಕ ತ್ರಾಸ ಆಗೂದಿಲ್ಲೇನು?"

"ನೋಡು, ಎಷ್ಟು ಜೀವ ಗಿಣಿ ಮ್ಯಾಲ!" ಎಂದು ಇಮಾಮಬಿ ಅವನ ತಲೆ ಸವರಿದಳು. ಗಿಳಿ ಕೂತಿದ್ದ ಜಾಗ ಉರಿಯುತ್ತಿತ್ತು. "ಕೆಮಿಕಲ್ ಗಿಮಿಕಲ್ ಹಚ್ಚಂಗಿಲ್ಲಪ್ಪಾ" ಎಂದಳು ವಿನೋದಿನಿ. "ಅರಿಷಿಣ, ಬೀಟ್‌ರೂಟ್ ರಸ. ತಿಂದ್ರೂ ಪರವಾ ಇಲ್ಲ."

ಮನೀಶ್ ಮೊಬೈಲಿನಲ್ಲಿ ತನ್ನ ಹಳದಿ ಗಿಳಿಗಳ ಫೋಟೋ ತೆರೆದು ಎತ್ತಿ ಹಿಡಿದ. ಗಿಳಿಯನ್ನು ಹಿಡಿದುಕೊಳ್ಳುವ ಕೆಲಸ ಮತ್ತೆ ಗುರಲಿಂಗಪ್ಪನ ಪಾಲಿಗೇ ಬಂತು. ವಿನೋದಿನಿ ಹುಬ್ಬಿನ ಬ್ರಷ್ಷಿನಿಂದ ಬಣ್ಣ ಹಚ್ಚಿದಳು. ಗಿಳಿ ಅವನ ಬೆರಳು ಕಚ್ಚಿತು, ಆಮೇಲೆ ಇನ್ನೊಂದು ಬೆರಳು ಕಚ್ಚಿತು. ಎಲ್ಲ ಮುಗಿದ ಮೇಲೆ ಅದರ ತಲೆ ಹಳದಿ, ಎದೆ ಗುಲಾಬಿ, ರೆಕ್ಕೆಗೆ ಬಣ್ಣ ಹತ್ತದೆ ಹಸಿರು ಹಾಗೇ ಉಳಿದಿತ್ತು. ಯಾವ ದೇಶದ್ದೂ ಅಲ್ಲದ, ಹೋಳಿ ಆಡಿ ಬಂದ ಹಕ್ಕಿ.

"ಬ್ರೆಜಿಲ್ ಅನ್ನೋಣು" ಎಂದ ಮುಶರಫ. "ಭಾಳ ದೂರ ಅದ. ಯಾರೂ ಹೋಗಿ ನೋಡಂಗಿಲ್ಲ."

ಅಷ್ಟರಲ್ಲಿ ಬಾಗಿಲ ಗಂಟೆ ಬಾರಿಸಿತು.

ಖಾಕಿ ಹಾಕಿದ ಒಬ್ಬ ಕಾವಲುಗಾರ, ಅವನ ಮುಂದೆ ಒಬ್ಬ ಹುಡುಗಿ. ಹರಿಣಿ ಎಂದು ಎದೆಯ ಮೇಲೆ ಹೆಸರಿತ್ತು. ಇಷ್ಟು ಚಿಕ್ಕ ಹುಡುಗಿ ಸಾಹೇಬಳೇ ಎಂದು ಎಲ್ಲರಿಗೂ ಧೈರ್ಯ ಬಂತು. ಅವಳು ಹಿಂದಿಯಲ್ಲಿ, ಇಲ್ಲಿ ಗಿಳಿ ಇದೆಯೆಂದು ದೂರು ಬಂದಿದೆ ಎಂದಳು. 'ಬಾ ತಾಯೀ, ಬಾ' ಎಂದು ಗುರಲಿಂಗಪ್ಪ ಮನಸ್ಸಿನಲ್ಲೇ ಅಂದ.

"ಇದೆ ಮ್ಯಾಡಮ್, ಇದೆ" ಎಂದಳು ವಿನೋದಿನಿ ಹಿಂದಿಯಲ್ಲಿ. "ಆದರೆ ಅದು ಇಲ್ಲಿಯದಲ್ಲ." ಆಮೇಲೆ ನಗುಮುಖದಲ್ಲೇ ಕನ್ನಡದಲ್ಲಿ, "ಹೇಳೋ ಮುಶರಫ, ಯಾವ ಊರಂದಿ?"

"ಬ್ರೆಜಿಲ್, ಬ್ರೆಜಿಲ್."

"ಬ್ರೆಜಿಲ್!" ಎಂದಳು ಇಮಾಮಬಿ ಹಿಂದಿಯಲ್ಲಿ. "ನನ್ನ ಮುಂದೆಯೇ ಬಂದದ್ದು. ವಿಮಾನದಲ್ಲಿ." ಆಮೇಲೆ ಸೊಂಟದ ಮೇಲೆ ಕೈಯಿಟ್ಟು ಕಸ್ತೂರಿಬಾಯಿಯ ಕಡೆ ತಿರುಗಿ ಕನ್ನಡದಲ್ಲಿ, "ಹೆದರಬ್ಯಾಡ, ಈ ಪೋರಿಗೆ ಏನ್ ತಿಳೀತದ."

ಹರಿಣಿ ಪಂಜರದ ಹತ್ತಿರ ಹೋದಳು. ಬಸವಂತ ಕತ್ತು ಓರೆ ಮಾಡಿ ಅವಳನ್ನು ನೋಡಿದ. ಅವಳು ಪುಸ್ತಕ ತೆಗೆದು, ಮನೆಯ ಯಜಮಾನರ ಹೆಸರೇನು ಎಂದು ಕಸ್ತೂರಿಬಾಯಿಯನ್ನು ಕೇಳಿದಳು. ಕಸ್ತೂರಿಬಾಯಿ ಸೆರಗು ಬಾಯಿಗಿಟ್ಟುಕೊಂಡು ಗಂಡನ ಕಡೆ ಬೆರಳು ತೋರಿಸಿದಳು. ಹೆಸರು, ಹೆಸರು ಎಂದಳು ಹರಿಣಿ. ಕಸ್ತೂರಿಬಾಯಿ ತಲೆ ತಗ್ಗಿಸಿದಳು.

"ಏ ಗುರಲಿಂಗಪ್ಪಾ! ಎಲ್ಲಿಗ್ಹೊಂಟಿ?" ಎಂದಿತು ಬ್ರೆಜಿಲ್ಲಿನ ಗಿಳಿ.

ಹರಿಣಿಯ ತುಟಿ ಅದುರತೊಡಗಿತು. ಅವಳು ನಗು ತಡೆಯಲು ನೋಡಿದಳು, ಆಗಲಿಲ್ಲ. ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದು ನಕ್ಕಳು.

"ಅಜ್ಜೀ" ಎಂದಳು ಇಮಾಮಬಿಗೆ, ತಡವರಿಸುವ ಕನ್ನಡದಲ್ಲಿ, "ನನ್ನ ಮಮ್ಮಿ ಪಪ್ಪಾ ಧಾರವಾಡದವರು. ನಾನು ದಾದರ್‌ನಲ್ಲಿ ಹುಟ್ಟಿದ್ದು. ಮಾತಾಡ್ಲಿಕ್ಕೆ ಸ್ವಲ್ಪ ಪ್ರಾಬ್ಲಮ್. ಆದರೆ... ತಿಳೀತದೆ ಎಲ್ಲಾ. ಬ್ರೆಜಿಲ್‌ನಲ್ಲಿ ಎಲ್ಲಿಗ್ಹೊಂಟಿ ಅಂತಾರಾ?"

ಇಮಾಮಬಿ ಸೊಂಟದ ಮೇಲಿದ್ದ ಕೈ ತೆಗೆದಳು.

ಹರಿಣಿ ಕರವಸ್ತ್ರ ಒದ್ದೆ ಮಾಡಿ ಗಿಳಿಯ ತಲೆ ಒರೆಸಿದಳು. ಅರಿಷಿಣ ಹೋಗಿ ಹಸಿರು ಬಂತು. ಆಮೇಲೆ ಅವಳು ನಗಲಿಲ್ಲ. ಕಾಡಿನಿಂದ ಮರಿಗಳನ್ನು ಕದ್ದು ಮಾರುತ್ತಾರೆ, ಎಷ್ಟೋ ಮರಿಗಳು ದಾರಿಯಲ್ಲೇ ಸಾಯುತ್ತವೆ, ಅದಕ್ಕೇ ಈ ಕಾನೂನು ಎಂದು ಅರ್ಧ ಕನ್ನಡ ಅರ್ಧ ಹಿಂದಿಯಲ್ಲಿ ಹೇಳಿದಳು. ಕಸ್ತೂರಿಬಾಯಿ ಪಂಜರವನ್ನು ಅಪ್ಪಿಕೊಂಡು ನೆಲದ ಮೇಲೆ ಕೂತುಬಿಟ್ಟಳು.

"ಅವ್ವಾ, ಗಿಣಿ ಒಯ್ರಿ, ಕಾನೂನು ಅದ, ಒಯ್ರಿ" ಎಂದಳು ಅಳುತ್ತ. "ಆದ್ರ ನಮ್ಮಪ್ಪನ ದನಿ ಅದ ಅದರಾಗ. ನನ್ನ ಫೋನಿನ್ಯಾಗ ಅವರ ದನಿ ಒಂದೂ ಇಲ್ಲ. ಆವಾಗ ತೆಗದಿಟ್ಕೋಬೇಕು ಅಂತ ತಿಳೀಲಿಲ್ಲ. ಇದೊಂದ ಉಳದಿತ್ತು."

ಮನೀಶ್ ಕಿಟಕಿಯ ಹೊರಗೆ ನೋಡಿದ. ಗುರಲಿಂಗಪ್ಪನಿಗೆ ತನ್ನ ಕಾಲ ಹೆಬ್ಬೆರಳು ನೋಡುವುದನ್ನು ಬಿಟ್ಟು ಬೇರೇನೂ ತೋಚಲಿಲ್ಲ. ಆ ಕ್ಷಣದಲ್ಲಿ ಯಾರಾದರೂ ಕೇಳಿದ್ದರೆ ದೂರು ವಾಪಸ್ ತೆಗೆದುಕೊಳ್ಳುತ್ತಿದ್ದನೋ ಏನೋ. ಯಾರೂ ಕೇಳಲಿಲ್ಲ.

ಹರಿಣಿ ಅವಳ ಪಕ್ಕದಲ್ಲೇ ಕೂತಳು. ನೀವಾಗಿಯೇ ಒಪ್ಪಿಸಿದಿರಿ ಎಂದು ಬರೆದುಕೊಳ್ಳುತ್ತೇನೆ, ಜೈಲಿನ ಮಾತು ಬರದಂತೆ ನೋಡುತ್ತೇನೆ, ಹಕ್ಕಿಗಳನ್ನು ಜೋಪಾನ ಮಾಡುವ ಜಾಗದಲ್ಲಿ ಇಡುತ್ತಾರೆ, ಅದಕ್ಕೆ ಅಲ್ಲಿ ಜೊತೆಗಾರರು ಸಿಗುತ್ತಾರೆ ಎಂದು ಸಮಾಧಾನ ಹೇಳಿದಳು.

"ಅಲ್ಲಾ, ಈ ಕೆಲಸ ಮಾಡ್ದವ ಯಾರು?" ಇಮಾಮಬಿಗೆ ಸಿಟ್ಟು ತೀರಿಸಿಕೊಳ್ಳಲು ಒಂದು ಜಾಗ ಬೇಕಾಗಿತ್ತು. "ಯಾವ ಹೊಟ್ಟಿಕಿಚ್ಚಿನವ ಹೇಳ್ಯಾನ? ಮನೀಶ್, ನೀನಾ?"

ಮನೀಶ್ ಎರಡೂ ಕಿವಿ ಹಿಡಿದುಕೊಂಡ. ಇಂಥ ಸಮಯದಲ್ಲಿ ಸುಮ್ಮನಿದ್ದರೆ ಅನುಮಾನ ಬರುತ್ತದೆ ಎಂದು ಗುರಲಿಂಗಪ್ಪನಿಗೆ ಅನಿಸಿತು. ಅವನು ಸುಮ್ಮನಿರಬೇಕಾಗಿತ್ತು.

"ಅವನ ಮನಿ ಹಾಳಾಗ್ಲಿ!" ಎಂದು ಎದೆ ಬಡಿದುಕೊಂಡು ಕೂಗಿದ. "ನನ್ನ ಹೇಣ್ತಿ ಕಣ್ಣಾಗ ನೀರು ತರಿಸಿದವ ಯಾರಲೇ? ಗಂಡಸಾಗಿದ್ರ ನನ್ನ ಮುಂದ ಬಂದು ಮಾತಾಡ್ಲಿ! ಅವನ ದನಿ ಒಮ್ಮಿ ಕೇಳಿಸ್ಲಿ ನನಗ, ಅವನ ನಾಲಿಗಿ ಕಿತ್ತು ಕೈಯಾಗ ಕೊಡ್ತೀನಿ!"

ಬಸವಂತ ಪಂಜರದಲ್ಲಿ ಒಂದು ಹೆಜ್ಜೆ ಮುಂದೆ ಬಂದ. ಗಂಟಲು ಸರಿಮಾಡಿಕೊಂಡ. ಶರಣಬಸಪ್ಪನವರ ಗಂಟಲಲ್ಲ, ಬೇರೆಯದೇ ಒಂದು ಗಂಟಲು.

"ಹಲೋ ಸಾಬ್! ಮೇರಾ ನಾಮ್ ಮತ್ ಪೂಛೋರಿ!" ಎಂದಿತು. "ತೀಸರಾ ಮಾಲಾ! ಏಕ್ ತೋತಾ ಹೈರಿ! ಲೇಕೆ ಜಾವೋರಿ! ಹಲೋ? ಹಲೋ? ಕಟ್ ಆತು ನೋಡಲೇ ಇದರವ್ವನ!"

ಮೂರನೆಯ ಮಹಡಿಯಲ್ಲಿ ಗಿಳಿಯಿದೆ, ಒಯ್ಯಿರಿ ಎಂದು ಹೇಳುವುದನ್ನೆಲ್ಲ ಹೇಳಿ ಮುಗಿಸಿ, ಮೆಣಸಿನಕಾಯಿ ಎತ್ತಿಕೊಂಡು ತಿನ್ನತೊಡಗಿತು.

ಆ 'ಹೈರಿ' ಇಡೀ ಬೊರಿವಲಿಯಲ್ಲಿ ಒಬ್ಬನದೇ. ಯಾರೂ ಯಾರನ್ನೂ ಏನೂ ಕೇಳಬೇಕಾಗಿರಲಿಲ್ಲ. ಮುಶರಫ ಗುರಲಿಂಗಪ್ಪನ ಮುಖ ನೋಡಿ, ಆಮೇಲೆ ನೋಡಲಾರದೆ ಪಂಜರದ ಕಡೆ ತಿರುಗಿದ. ಹರಿಣಿ ಬೇಗ ಬೇಗ ಪುಸ್ತಕ ಮುಚ್ಚಿದಳು. ದೂರು ಕೊಟ್ಟವರ ಹೆಸರನ್ನು ಇಲಾಖೆ ಹೇಳುವುದಿಲ್ಲ, ಸಾರಿ, ಎಂದು ಯಾರಿಗೋ ಹೇಳಿದಳು.

ಕಸ್ತೂರಿಬಾಯಿ ಎದ್ದಳು. ಕಣ್ಣು ಒರೆಸಿಕೊಂಡಳು. ಗಿಳಿಯನ್ನು ಇಲಾಖೆಯವರು ತಂದಿದ್ದ ಪೆಟ್ಟಿಗೆಯಲ್ಲಿ ತಾನೇ ಕೂಡಿಸಿ, ಹಸಿಮೆಣಸಿನಕಾಯಿಯ ಚೀಲವನ್ನು ಹರಿಣಿಯ ಕೈಗೆ ಕೊಟ್ಟು, "ಒಣಾದು ಕೊಟ್ರ ತಿನ್ನಂಗಿಲ್ಲ ಅವ್ವಾ, ಹಸೀದ ಬೇಕು" ಎಂದಳು. ಪೆಟ್ಟಿಗೆ ಬಾಗಿಲು ದಾಟುವಾಗ ಒಳಗಿನಿಂದ, "ಕಸ್ತೂರೀ, ಉಂಡ್ಯಾ ಅವ್ವಾ?" ಎಂದು ಕೇಳಿಸಿತು.

"ಉಂಡೆ ಅಪ್ಪಾ" ಎಂದಳು. ಆವತ್ತು ಅವಳು ನೀರೂ ಕುಡಿದಿರಲಿಲ್ಲ.

ಒಬ್ಬೊಬ್ಬರೇ ಹೊರಟರು. ವಿನೋದಿನಿ ಅರ್ಧ ಹುಬ್ಬಿನ ಗಿರಾಕಿ ಕಾಯುತ್ತಿದ್ದಾಳೆಂದು ಹೋದಳು. ಇಮಾಮಬಿ ಬಾಗಿಲಲ್ಲಿ ನಿಂತು, "ನಿನ್ನ ತಲಿ ಸವರಿದ ಕೈಗೆ ಸಾಬೂನ ಹಚ್ಚಿ ತೊಳ್ಕೋತೀನಿ" ಎಂದು ಹೇಳಿ ಇಳಿದಳು. ಮನೀಶ್, ಇಷ್ಟು ಹೊತ್ತಿಗೆ ನಿರಪರಾಧಿ ಎಂದು ಸಾಬೀತಾಗಿದ್ದವನು, ಹೋಗುತ್ತ ಗುರಲಿಂಗಪ್ಪನ ಬೆನ್ನು ತಟ್ಟಿ, ಕಾನೂನು ಪಾಲಿಸುವ ಮೆಂಬರ್ ಅಂದರೆ ಹೀಗಿರಬೇಕು ಎಂದ. ಅದೊಂದು ಬೈಗುಳಕ್ಕಿಂತ ಕೆಟ್ಟದಾಗಿ ಕೇಳಿಸಿತು.

ಮಧ್ಯಾಹ್ನ ಊಟದ ತಾಟು ಬಂತು, ಮಾತು ಬರಲಿಲ್ಲ. ಗುರಲಿಂಗಪ್ಪ ಎರಡು ಸಲ, "ತಪ್ಪಾತು ಮಾರಾಯ್ತಿ" ಎಂದ. ಕಸ್ತೂರಿಬಾಯಿ ಅಕ್ಕಿಯಲ್ಲಿ ಹರಳು ಹುಡುಕಿದಳು. ಬಾಲ್ಕನಿಯಲ್ಲಿ ಖಾಲಿ ಪಂಜರದ ಬಾಗಿಲು ಗಾಳಿಗೆ ಟಕ್ ಟಕ್ ಎನ್ನುತ್ತಿತ್ತು. ಅವನಿಗೆ ನಿಜವಾಗಿ ಸಂಕಟವಾಯಿತು. ಮಾವನನ್ನು ಎರಡನೆಯ ಸಲ ಕಳಿಸಿಕೊಟ್ಟಂತೆ, ಈ ಸಲ ತನ್ನ ಕೈಯಾರೆ ಕಳಿಸಿದಂತೆ ಅನಿಸಿತು.

ಆದರೆ ಮನುಷ್ಯನ ಸಂಕಟಕ್ಕೂ ಒಂದು ಹೊತ್ತು ಅಂತ ಇರುತ್ತದೆಯಲ್ಲ. ಸಂಜೆಯಾಗುತ್ತ ಅವನ ಮನಸ್ಸು ನಿಧಾನವಾಗಿ ಲೆಕ್ಕ ಹಾಕತೊಡಗಿತು. ಹೆಣ್ಣುಮಗಳ ಸಿಟ್ಟು, ಎರಡು ದಿನ ಇರುತ್ತದೆ, ನಾಲ್ಕು ದಿನ ಇರುತ್ತದೆ. ಮಾತಾಡದೆ ಇದ್ದರೆ ಇರಲಿ. ಒಂದು ರೀತಿಯಲ್ಲಿ ನೋಡಿದರೆ, ಮಾತಾಡದ ಮನೆಯಿಂದ ಹೊರಗೆ ಬೀಳುವುದು ಇನ್ನೂ ಸುಲಭ. ಮುಶರಫನಿಗೆ ಒಂದು ಕಪ್ ಚಹಾ ಕುಡಿಸಿ, ಕಾಲಿಗೆ ಬಿದ್ದು, ಸಮಾಧಾನ ಮಾಡಿದರೆ ಒಂದೆರಡು ಆಟ ಆಡಲು ಒಪ್ಪಿಯಾನು. ಏನೇ ಆಗಲಿ, ಇನ್ನು ಮೇಲೆ ಬಾಗಿಲಿಗೆ ಕೈ ಹಾಕಿದರೆ ಕೇಳುವವರಿಲ್ಲ.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದಾಗುತ್ತಿತ್ತು. ಅವನು ಮುಖ ತೊಳೆದು, ಚಪ್ಪಲಿಯನ್ನು ಕೈಯಲ್ಲೇ ಹಿಡಿದುಕೊಂಡು, ಬೆಕ್ಕಿನ ಹೆಜ್ಜೆ ಇಟ್ಟು, ಚಿಲಕವನ್ನು ಸದ್ದಾಗದಂತೆ ಸರಿಸಿದ. ಬಾಗಿಲು ಅರ್ಧ ತೆರೆಯಿತು. ಒಂದು ಕಾಲು ಹೊರಗಿಟ್ಟ.

"ಏ ಗುರಲಿಂಗಪ್ಪಾ! ಎಲ್ಲಿಗ್ಹೊಂಟಿ?"

ಕೈಯಿಂದ ಚಪ್ಪಲಿ ಬಿತ್ತು. ಅದೇ ಗುಡುಗು, ಅದೇ ಕಹಳೆ, 'ಲಿಂ' ಮೇಲೆ ಅದೇ ಒತ್ತು. ಗಕ್ಕನೆ ತಿರುಗಿ ಬಾಲ್ಕನಿಯ ಕಡೆ ನೋಡಿದ. ಪಂಜರ ಖಾಲಿಯಾಗಿತ್ತು, ಬಾಗಿಲು ಗಾಳಿಗೆ ಆಡುತ್ತಿತ್ತು.

ಆಮೇಲೆ ಅಡುಗೆಮನೆಯ ಕಡೆ ನೋಡಿದ.

ಅಲ್ಲಿ ಕಸ್ತೂರಿಬಾಯಿ ಸೌಟು ಹಿಡಿದು ನಿಂತಿದ್ದಳು. ಬಾಯಿಯ ಮೇಲೆ ಸೆರಗಿರಲಿಲ್ಲ. ಮದುವೆಯ ದಿನದ ಒಡಪು ಬಿಟ್ಟರೆ ಇಂದಿನವರೆಗೆ ಗಂಡನ ಹೆಸರನ್ನು ನಾಲಿಗೆಯ ಮೇಲೆ ತಂದಿರದ ಹೆಣ್ಣುಮಗಳು, ಅಪ್ಪನ ಮಗಳು, ಗಂಟಲನ್ನು ಇನ್ನೊಮ್ಮೆ ಸರಿಮಾಡಿಕೊಂಡಳು.

"ಗುರಲಿಂಗಪ್ಪಾ, ನಿನ್ನ ಕೇಳಿದ್ದು! ಎಲ್ಲಿಗ್ಹೊಂಟಿ?"

ಗುರಲಿಂಗಪ್ಪ ಹೊರಗಿಟ್ಟ ಕಾಲನ್ನು ಒಳಗೆ ತೆಗೆದುಕೊಂಡ. ಇದಕ್ಕೆ ಯಾವ ಇಲಾಖೆಗೂ ಫೋನು ಹಚ್ಚುವ ಹಾಗಿರಲಿಲ್ಲ.

"ಎಲ್ಲೂ ಇಲ್ರಿ ಮಾವಾರ" ಎಂದ. "ಇಲ್ಲೇ ಅದೀನ್ರಿ."